ರಾಬರ್ಟ್ ಮೆಕ್ಯಾರಿಸನ್

ಸರ್ ರಾಬರ್ಟ್ ಮೆಕ್ಯಾರಿಸನ್ (15 ಮಾರ್ಚ್ 1878 – 18 ಮೇ 1960) ಐರ್ಲೆಂಡಿನಲ್ಲಿ ಹುಟ್ಟಿ, ಭಾರತದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದ ವೈದ್ಯ ಹಾಗೂ ಸಂಶೋಧಕ. ಥೈರಾಯ್ಡ್ ಗ್ರಂಥಿ, ಗಳಗಂಡ ರೋಗ ಮತ್ತು ಆಹಾರದ ಕೊರತೆಯಿಂದ ಬರುವ ಕಾಯಿಲೆಗಳ ಕುರಿತ ಅಧ್ಯಯನಗಳಿಗಾಗಿ ಇವರು ಪ್ರಸಿದ್ಧರು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಇವರು ಒಂದೇ ಕೋಣೆಯಲ್ಲಿ ಆರಂಭಿಸಿದ ಪ್ರಯೋಗಾಲಯವೇ ಮುಂದೆ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಗಳಗಂಡಕ್ಕೆ ಕಾರಣವೇನೆಂಬ ಪ್ರಶ್ನೆಗೆ ಇವರು ಕೊಟ್ಟ ಮುಖ್ಯ ಉತ್ತರವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಆ ಉತ್ತರವನ್ನು ಹುಡುಕುವ ದಾರಿಯಲ್ಲಿ ಇವರು ದಾಖಲಿಸಿದ ಅನೇಕ ಸಂಗತಿಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿವೆ.

ಜನನ ಮತ್ತು ವಿದ್ಯಾಭ್ಯಾಸ

ಮೆಕ್ಯಾರಿಸನ್ ಅವರು ಐರ್ಲೆಂಡಿನ ಉತ್ತರ ಭಾಗದ ಆರ್ಮಾ ಪ್ರಾಂತ್ಯದ ಪೋರ್ಟಡೌನ್‌ನಲ್ಲಿ ಜನಿಸಿದರು. ತಂದೆ ಅಗಸೆ ನಾರಿನ ವ್ಯಾಪಾರದಲ್ಲಿದ್ದರು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿಯೂ ಡಬ್ಲಿನ್ನಿನಲ್ಲಿಯೂ ವೈದ್ಯಕೀಯ ಶಿಕ್ಷಣ ಪಡೆದು 1900ರಲ್ಲಿ ಪದವೀಧರರಾದರು. ಮರುವರ್ಷವೇ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಬ್ರಿಟಿಷ್ ಆಡಳಿತದ ಸೇನೆಗೆ ಮತ್ತು ಸರ್ಕಾರಕ್ಕೆ ವೈದ್ಯರನ್ನು ಒದಗಿಸುತ್ತಿದ್ದ ಈ ಸೇವೆಯಲ್ಲಿ ಸಂಶೋಧನೆಗೆ ಪ್ರತ್ಯೇಕ ಅವಕಾಶ ಕಡಿಮೆಯಿತ್ತು. ರೋನಾಲ್ಡ್ ರಾಸ್ ಅವರಂತೆ ಮೆಕ್ಯಾರಿಸನ್ ಅವರೂ ದೈನಂದಿನ ಕರ್ತವ್ಯದ ನಡುವೆಯೇ ಸಂಶೋಧನೆಗೆ ಬಿಡುವು ಮಾಡಿಕೊಂಡವರು.

ಇವರ ಮೊದಲ ನೇಮಕಗಳಲ್ಲಿ ಒಂದು ವಾಯವ್ಯ ಗಡಿಯ ಚಿತ್ರಾಲ್ ಕಣಿವೆಯಲ್ಲಿ ಬೀಡುಬಿಟ್ಟಿದ್ದ ಸೈನಿಕರ ವೈದ್ಯಾಧಿಕಾರಿಯಾಗಿ. ಅಲ್ಲಿ ಬೇಸಿಗೆಯಲ್ಲಿ ಸೈನಿಕರನ್ನು ಕಾಡುತ್ತಿದ್ದ ಮೂರು ದಿನದ ಜ್ವರವನ್ನು ವಿವರವಾಗಿ ದಾಖಲಿಸಿ, ಅದನ್ನು ಮರಳುನೊಣಗಳು ಹರಡುತ್ತಿರಬಹುದೆಂದು ಊಹಿಸಿದರು. ಆ ಊಹೆ ಸರಿಯೆಂದು ನಂತರ ತಿಳಿದುಬಂದಿತು. 1904ರಿಂದ 1911ರವರೆಗೆ ಗಿಲ್ಗಿಟ್‌ನಲ್ಲಿ ಏಜೆನ್ಸಿ ಸರ್ಜನ್ ಆಗಿ ಸೇವೆ ಸಲ್ಲಿಸಿದರು. 1906ರಲ್ಲಿ ಹೆಲೆನ್ ಸ್ಟೆಲ್ಲಾ ಜಾನ್‌ಸ್ಟನ್ ಅವರನ್ನು ವಿವಾಹವಾದರು.

ಗಿಲ್ಗಿಟ್‌ನ ಗಳಗಂಡ

ಗಿಲ್ಗಿಟ್ ಮತ್ತು ಚಿತ್ರಾಲ್ ಕಣಿವೆಗಳಲ್ಲಿ ಗಳಗಂಡ ಎಷ್ಟು ಸಾಮಾನ್ಯವಾಗಿತ್ತೆಂದರೆ ಕೆಲವು ಹಳ್ಳಿಗಳಲ್ಲಿ ಕುತ್ತಿಗೆಯ ಊತ ಕಾಯಿಲೆಯೆಂದು ಜನರಿಗೆ ಅನಿಸುತ್ತಲೇ ಇರಲಿಲ್ಲ. ಗಂಟಲಿನ ಮುಂಭಾಗದಲ್ಲಿ ಧ್ವನಿಪೆಟ್ಟಿಗೆಯ ಕೆಳಗೆ ಚಿಟ್ಟೆಯ ಆಕಾರದಲ್ಲಿ ಹರಡಿರುವ ಥೈರಾಯ್ಡ್ ಗ್ರಂಥಿ ವಯಸ್ಕರಲ್ಲಿ ಸುಮಾರು 15ರಿಂದ 25 ಗ್ರಾಂ ತೂಗುತ್ತದೆ. ಗಳಗಂಡದಲ್ಲಿ ಇದು ಹಲವು ಪಟ್ಟು ಹಿಗ್ಗಿ ಹೊರಗೆ ಎದ್ದು ಕಾಣುತ್ತದೆ. ಕೆಲವೊಮ್ಮೆ ಉಸಿರಾಟಕ್ಕೂ ನುಂಗುವುದಕ್ಕೂ ಅಡ್ಡಿಯಾಗುತ್ತದೆ.

ಮೆಕ್ಯಾರಿಸನ್ ಅವರ ಗಮನ ಸೆಳೆದದ್ದು ಗಿಲ್ಗಿಟ್‌ನ ಹಳ್ಳಿಗಳ ಜೋಡಣೆ. ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಇದ್ದ ಈ ಹಳ್ಳಿಗಳಿಗೆ ಒಂದೇ ತೆರೆದ ಕಾಲುವೆಯಿಂದ ನೀರು ಬರುತ್ತಿತ್ತು. ಮೇಲಿನ ಹಳ್ಳಿ ಬಳಸಿ ಬಿಟ್ಟ ನೀರೇ ಕೆಳಗಿನ ಹಳ್ಳಿಗೆ ಕುಡಿಯುವ ನೀರು. ಹೊಲದ ಗೊಬ್ಬರ, ದನಕರುಗಳ ಮತ್ತು ಮನುಷ್ಯರ ಮಲಿನವೆಲ್ಲ ಅದರಲ್ಲಿ ಸೇರುತ್ತ ಹೋಗುತ್ತಿತ್ತು. ಮನೆಮನೆಗೂ ಹೋಗಿ ಎಣಿಸಿದಾಗ, ಮೇಲಿನ ಹಳ್ಳಿಯಿಂದ ಕೆಳಗಿನ ಹಳ್ಳಿಗೆ ಇಳಿದಂತೆ ಗಳಗಂಡದ ಪ್ರಮಾಣ ಕ್ರಮವಾಗಿ ಏರುತ್ತಿರುವುದು ಕಂಡುಬಂದಿತು. ಸಮೀಪದಲ್ಲೇ ಇದ್ದರೂ ಸ್ವಂತ ಚಿಲುಮೆಯ ನೀರು ಕುಡಿಯುತ್ತಿದ್ದವರಲ್ಲಿ ರೋಗ ಕಾಣಲಿಲ್ಲ. ಇದರಿಂದ ನೀರಿನಲ್ಲಿ ತೇಲುವ ಯಾವುದೋ ಜೀವಿಯೇ ರೋಗಕ್ಕೆ ಕಾರಣವಿರಬೇಕೆಂಬ ತೀರ್ಮಾನಕ್ಕೆ ಇವರು ಬಂದರು.

ತೀರ್ಮಾನವನ್ನು ಪರೀಕ್ಷಿಸಲು ಇವರು ಆರಿಸಿಕೊಂಡ ವಿಧಾನವನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಗಳಗಂಡ ಹೆಚ್ಚಿದ್ದ ಕಡೆಯ ನೀರನ್ನು ಸೋಸುಕದಲ್ಲಿ ಸೋಸಿ, ಸೋಸುಕದ ಮೇಲೆ ನಿಂತ ಗಸಿಯನ್ನು ಗಳಗಂಡವಿಲ್ಲದ ಯುವಕರಿಗೆ ಪ್ರತಿದಿನ ಕುಡಿಸಿದರು, ತಾವೂ ಕುಡಿದರು. ಇನ್ನೊಂದು ಗುಂಪಿಗೆ ಅದೇ ಗಸಿಯನ್ನು ಕುದಿಸಿ ಕೊಟ್ಟರು. ಕುದಿಸದ ಗಸಿ ಕುಡಿದವರಲ್ಲಿ ಕೆಲವರ ಗ್ರಂಥಿ ಕೆಲವೇ ವಾರಗಳಲ್ಲಿ ಊದಿಕೊಂಡಿತು. ಹಾಗೆ ಊದಿಕೊಂಡವರಲ್ಲಿ ಮೆಕ್ಯಾರಿಸನ್ ಅವರೂ ಒಬ್ಬರು. ಕುದಿಸಿದ ಗಸಿ ಕುಡಿದವರಿಗೆ ಏನೂ ಆಗಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳನ್ನು ತಗ್ಗಿಸುವ ಥೈಮಾಲ್ ಔಷಧವನ್ನು ಕೊಟ್ಟಾಗ ಕೆಲವು ಹೊಸ ಗಳಗಂಡಗಳು ಕರಗಿದವು. ಪ್ರಾಣಿಗಳ ಮೇಲೂ ಇಂತಹ ಪ್ರಯೋಗಗಳನ್ನು ನಡೆಸಿದ ಮೇಲೆ, ಕರುಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳ ವಿಷವೇ ಥೈರಾಯ್ಡ್ ಹಿಗ್ಗುವಿಕೆಯ ಮೂಲವೆಂದು ಇವರು ವಾದಿಸಿದರು. 1913ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ನೀಡಿದ ಮಿಲ್ರಾಯ್ ಉಪನ್ಯಾಸಗಳ ವಿಷಯವೂ ಇದೇ ಆಗಿತ್ತು. 1917ರಲ್ಲಿ ಥೈರಾಯ್ಡ್ ಗ್ರಂಥಿಯ ಆರೋಗ್ಯ ಮತ್ತು ರೋಗಗಳನ್ನು ಕುರಿತ ಇವರ ಗ್ರಂಥ ಪ್ರಕಟವಾಯಿತು.

ಕ್ರೆಟಿನಿಸಂ ಕುರಿತ ವರದಿ

ಗಿಲ್ಗಿಟ್ ಕಾಲದ ಕೆಲಸಗಳಲ್ಲಿ ಕಾಲದ ಪರೀಕ್ಷೆಯನ್ನು ಗೆದ್ದು ನಿಂತದ್ದು ನೀರಿನ ಪ್ರಯೋಗವಲ್ಲ, 1908ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವರದಿ. ಗಳಗಂಡ ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಕುಳ್ಳರಾಗಿ, ಬುದ್ಧಿ ಬೆಳೆಯದೆ ಹುಟ್ಟುವ ಮಕ್ಕಳ ಸ್ಥಿತಿಗೆ ಕ್ರೆಟಿನಿಸಂ ಎಂಬ ಹೆಸರಿತ್ತು. (ಈ ಪದ ಯುರೋಪಿನ ಭಾಷೆಗಳಲ್ಲಿ ಬೈಗುಳವಾಗಿಯೂ ಬಳಕೆಯಾದ್ದರಿಂದ ಈಗ ವೈದ್ಯರು ಜನ್ಮಜಾತ ಅಯೋಡಿನ್ ಕೊರತೆಯ ಸ್ಥಿತಿ ಎಂಬಂತಹ ಹೆಸರುಗಳನ್ನು ಬಳಸುತ್ತಾರೆ.) ಚಿತ್ರಾಲ್ ಮತ್ತು ಗಿಲ್ಗಿಟ್ ಕಣಿವೆಗಳಲ್ಲಿ ಇಂತಹ 203 ಮಂದಿಯನ್ನು ಪರೀಕ್ಷಿಸಿದ ಮೆಕ್ಯಾರಿಸನ್, ಅವರೆಲ್ಲರೂ ಒಂದೇ ಬಗೆಯವರಲ್ಲವೆಂದು ಗುರುತಿಸಿದರು.

ಒಂದು ಬಗೆಯವರಲ್ಲಿ ಚರ್ಮ ಒರಟಾಗಿ, ಮುಖ ಊದಿಕೊಂಡು, ಬೆಳವಣಿಗೆ ತೀರಾ ಕುಂಠಿತವಾಗಿರುತ್ತಿತ್ತು. ವಯಸ್ಕರಲ್ಲಿ ಥೈರಾಯ್ಡ್ ಕೆಲಸ ನಿಲ್ಲಿಸಿದಾಗ ಕಾಣುವ ಮಿಕ್ಸಿಡೀಮಾ ಎಂಬ ಸ್ಥಿತಿಯ ಬಾಲ್ಯದ ರೂಪ ಇದು. ಇನ್ನೊಂದು ಬಗೆಯವರು ಎತ್ತರದಲ್ಲಿ ಅಷ್ಟೇನೂ ಕಡಿಮೆಯಿರುತ್ತಿರಲಿಲ್ಲ. ಆದರೆ ಕಿವುಡರು, ಮೂಕರು, ಕಾಲುಗಳು ಬಿಗಿದು ನಡಿಗೆ ಎಡವುವವರು, ಮೆಳ್ಳೆಗಣ್ಣಿನವರು ಆಗಿರುತ್ತಿದ್ದರು. ಇವರಲ್ಲಿ ಹಾನಿಯಾಗಿದ್ದು ನರಮಂಡಲಕ್ಕೆ. ಇಂತಹ ಮಕ್ಕಳ ತಾಯಂದಿರಲ್ಲಿ ಬಹುತೇಕರಿಗೆ ಗಳಗಂಡವಿದ್ದುದನ್ನೂ ಮೆಕ್ಯಾರಿಸನ್ ಗಮನಿಸಿ, ದೋಷದ ಬೇರು ಗರ್ಭಾವಸ್ಥೆಯಲ್ಲಿದೆ ಎಂದು ಸೂಚಿಸಿದರು. ಪ್ರಯೋಗಾಲಯದ ರಕ್ತಪರೀಕ್ಷೆಗಳಿಲ್ಲದ ಕಾಲದಲ್ಲಿ, ಕೇವಲ ಕಣ್ಣು, ಕೈ ಮತ್ತು ಅಳತೆಪಟ್ಟಿಯಿಂದ ಮಾಡಿದ ಈ ವಿಭಜನೆ ಇಂದಿಗೂ ಬಳಕೆಯಲ್ಲಿದೆ.

ಈ ಎರಡು ರೂಪಗಳು ಏಕೆ ಬೇರೆ ಎಂಬುದು ಥೈರಾಯ್ಡ್ ಹಾರ್ಮೋನು ಕೆಲಸ ಮಾಡುವ ಬಗೆ ತಿಳಿದ ಮೇಲಷ್ಟೇ ಸ್ಪಷ್ಟವಾಯಿತು. ಗರ್ಭದಲ್ಲಿರುವ ಶಿಶುವಿನ ಸ್ವಂತ ಥೈರಾಯ್ಡ್ ಗ್ರಂಥಿ ಮೊದಲ ಕೆಲವು ತಿಂಗಳು ಸಾಕಷ್ಟು ಹಾರ್ಮೋನು ತಯಾರಿಸುವುದಿಲ್ಲ. ಆ ಅವಧಿಯಲ್ಲಿ ಮಿದುಳಿನ ಜೀವಕೋಶಗಳು ಹುಟ್ಟಿ, ತಮ್ಮ ಸ್ಥಾನಗಳಿಗೆ ಸರಿದು, ಒಳಗಿವಿ ರೂಪುಗೊಳ್ಳುವುದು ತಾಯಿಯ ರಕ್ತದಿಂದ ಬರುವ ಥೈರಾಕ್ಸಿನ್ನಿನ ನೆರವಿನಿಂದ. ತಾಯಿಗೇ ಕೊರತೆಯಿದ್ದರೆ ಆಗ ತಪ್ಪಿದ ಕೆಲಸವನ್ನು ಹುಟ್ಟಿದ ಮೇಲೆ ಎಷ್ಟು ಔಷಧ ಕೊಟ್ಟರೂ ಸರಿಪಡಿಸಲಾಗದು. ಇದು ನರಸಂಬಂಧಿ ರೂಪ. ಗರ್ಭಾವಸ್ಥೆಯ ಕೊನೆಯಲ್ಲಿ ಮತ್ತು ಹುಟ್ಟಿದ ಮೇಲೆ ಮಗುವಿನ ಸ್ವಂತ ಗ್ರಂಥಿಯೇ ಸೋತರೆ ಎಲುಬು, ಚರ್ಮ, ಎತ್ತರಗಳ ಮೇಲೆ ಪೆಟ್ಟು ಬೀಳುತ್ತದೆ; ಇದು ಮಿಕ್ಸಿಡೀಮಾ ರೂಪ. ಈಗ ಅನೇಕ ದೇಶಗಳಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡುವುದು ಎರಡನೆಯ ಬಗೆಯ ಹಾನಿಯನ್ನು ಮೊದಲ ವಾರಗಳಲ್ಲೇ ತಡೆಯಲಿಕ್ಕಾಗಿ.

ಹಾರ್ಮೋನಿನ ಕಾರ್ಯವಿಧಾನ: ಅಂದು ಮತ್ತು ಇಂದು

ಮೆಕ್ಯಾರಿಸನ್ ಗಿಲ್ಗಿಟ್ ತಲುಪಿದ ಹೊತ್ತಿಗೆ ಥೈರಾಯ್ಡ್ ಕುರಿತು ತಿಳಿದಿದ್ದದ್ದು ಸ್ವಲ್ಪವೇ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಖರ್, ಗಳಗಂಡಕ್ಕಾಗಿ ಇಡೀ ಗ್ರಂಥಿಯನ್ನೇ ಕತ್ತರಿಸಿ ತೆಗೆದ ರೋಗಿಗಳು ಕ್ರಮೇಣ ಮಂದಬುದ್ಧಿಯವರಾಗಿ ಊದಿಕೊಳ್ಳುವುದನ್ನು 1883ರಲ್ಲಿ ವರದಿ ಮಾಡಿದ್ದರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಇಂತಹ ಒಬ್ಬ ರೋಗಿಯನ್ನು ಚೇತರಿಸಿದ್ದರು. ಜರ್ಮನಿಯ ಯೂಜೆನ್ ಬೌಮನ್ 1895ರಲ್ಲಿ ಗ್ರಂಥಿಯೊಳಗೆ ಅಯೋಡಿನ್ ಇರುವುದನ್ನು ಕಂಡುಹಿಡಿದರು. ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದವರು ಅಮೆರಿಕದ ಎಡ್ವರ್ಡ್ ಕೆಂಡಲ್, 1914ರ ಕ್ರಿಸ್‌ಮಸ್ ದಿನ. ಅದರ ರಾಸಾಯನಿಕ ರಚನೆಯನ್ನು ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಸರಿಯಾಗಿ ನಿರ್ಧರಿಸಿದರು. ಅಂದರೆ ಮೆಕ್ಯಾರಿಸನ್ ತಮ್ಮ ವಾದವನ್ನು ಕಟ್ಟಿದ್ದು ಥೈರಾಕ್ಸಿನ್ ಎಂಬ ವಸ್ತು ಇನ್ನೂ ಯಾರ ಕೈಗೂ ಸಿಗದಿದ್ದ ಕಾಲದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಇಂದು ತಿಳಿದಿರುವಂತೆ, ಆಹಾರದಿಂದ ರಕ್ತಕ್ಕೆ ಸೇರಿದ ಅಯೋಡೈಡನ್ನು ಥೈರಾಯ್ಡ್ ಜೀವಕೋಶಗಳು ಸೋಡಿಯಮ್ಮಿನ ಜೊತೆಗೆ ಒಳಕ್ಕೆ ಎಳೆದುಕೊಳ್ಳುತ್ತವೆ. ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಸಾಂದ್ರತೆಯಲ್ಲಿ ಅದನ್ನು ಕೂಡಿಡುವ ಸಾಮರ್ಥ್ಯ ಈ ಕೋಶಗಳಿಗಿದೆ. ಹಾಗೆ ಬಂದ ಅಯೋಡಿನ್ನನ್ನು ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನಿನ ಟೈರೋಸಿನ್ ಘಟಕಗಳಿಗೆ ಅಂಟಿಸಿ, ಎರಡೆರಡನ್ನು ಜೋಡಿಸಲಾಗುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿದ್ದರೆ ಅದು ಥೈರಾಕ್ಸಿನ್ ಅಥವಾ ಟಿ4. ಮೂರಿದ್ದರೆ ಟ್ರೈಅಯೋಡೋಥೈರೋನಿನ್ ಅಥವಾ ಟಿ3. ಸಿದ್ಧವಾದ ಹಾರ್ಮೋನು ಗ್ರಂಥಿಯ ಸಣ್ಣ ಸಣ್ಣ ಕೋಶಗುಚ್ಛಗಳ ನಡುವೆ ಅಂಟಿನಂತಹ ದ್ರವದಲ್ಲಿ ದಾಸ್ತಾನಾಗುತ್ತದೆ. ವಾರಗಟ್ಟಲೆಗೆ ಸಾಕಾಗುವಷ್ಟು ಸರಕನ್ನು ಹೀಗೆ ಕೂಡಿಡುವ ನಿರ್ನಾಳ ಗ್ರಂಥಿ ದೇಹದಲ್ಲಿ ಇನ್ನೊಂದಿಲ್ಲ.

ಗ್ರಂಥಿಯಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4. ರಕ್ತದಲ್ಲಿ ಇದು ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡೇ ಸಾಗುತ್ತದೆ. ಶೇಕಡ ಒಂದಕ್ಕಿಂತಲೂ ಕಡಿಮೆ ಭಾಗ ಮಾತ್ರ ಬಿಡಿಯಾಗಿದ್ದು ಜೀವಕೋಶಗಳೊಳಗೆ ಹೋಗಬಲ್ಲದು. ಯಕೃತ್ತು, ಮೂತ್ರಪಿಂಡ, ಮಿದುಳು ಮೊದಲಾದ ಅಂಗಗಳಲ್ಲಿ ಸೆಲೆನಿಯಂ ಹೊಂದಿದ ಕಿಣ್ವಗಳು ಟಿ4ನಿಂದ ಒಂದು ಅಯೋಡಿನ್ ಪರಮಾಣುವನ್ನು ಕಳಚಿ ಅದನ್ನು ಟಿ3 ಆಗಿ ಮಾರ್ಪಡಿಸುತ್ತವೆ. ನಿಜವಾದ ಕೆಲಸ ಟಿ3ಯದು. ಅದು ಕೋಶಕೇಂದ್ರದೊಳಗೆ ಡಿಎನ್ಎ ಮೇಲೆ ಕುಳಿತಿರುವ ಗ್ರಾಹಕ ಪ್ರೋಟೀನುಗಳಿಗೆ ಸೇರಿ, ಯಾವ ಜೀನ್‌ಗಳು ಚುರುಕಾಗಬೇಕು, ಯಾವುವು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಪರಿಣಾಮವಾಗಿ ಕೋಶಗಳು ಹೆಚ್ಚು ಆಮ್ಲಜನಕ ಬಳಸಿ ಶಾಖ ಹುಟ್ಟಿಸುತ್ತವೆ, ಹೃದಯ ಚುರುಕಾಗಿ ಬಡಿಯುತ್ತದೆ, ಕರುಳಿನ ಚಲನೆ ಸರಿಯಾಗಿರುತ್ತದೆ, ಮಕ್ಕಳಲ್ಲಿ ಎಲುಬು ಬೆಳೆಯುತ್ತದೆ. ಕೆಲಸ ಜೀನ್‌ಗಳ ಮಟ್ಟದಲ್ಲಿ ನಡೆಯುವುದರಿಂದ ಪರಿಣಾಮ ಕಾಣಲು ಗಂಟೆಗಳಲ್ಲ, ದಿನಗಳು ಬೇಕು. ಟಿ4ನ ಅರ್ಧಾಯುಷ್ಯ ಸುಮಾರು ಏಳು ದಿನ. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರೆಂಟು ವಾರ ಕಳೆದು ರಕ್ತಪರೀಕ್ಷೆ ಮಾಡಿಸುವಂತೆ ವೈದ್ಯರು ಹೇಳುವುದು ಈ ಕಾರಣದಿಂದ.

ಗಳಗಂಡದ ಒಗಟು ಬಿಡಿಸುವುದು ಈ ವ್ಯವಸ್ಥೆಯ ಹತೋಟಿಯ ಕೊಂಡಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್ಎಚ್ ಎಂಬ ಹಾರ್ಮೋನನ್ನು ಸ್ರವಿಸಿ ಥೈರಾಯ್ಡನ್ನು ಪ್ರಚೋದಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಕಷ್ಟಿದ್ದರೆ ಟಿಎಸ್ಎಚ್ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಅಯೋಡಿನ್ ಸಿಗದಾಗ ಥೈರಾಕ್ಸಿನ್ ತಯಾರಾಗುವುದಿಲ್ಲ, ಟಿಎಸ್ಎಚ್ ಏರುತ್ತಲೇ ಹೋಗುತ್ತದೆ, ಆ ಒತ್ತಡಕ್ಕೆ ಥೈರಾಯ್ಡ್ ಕೋಶಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಹೆಚ್ಚುತ್ತವೆ. ಹೀಗೆ ಗಳಗಂಡವೆಂಬುದು ಸಿಗುವ ಚೂರುಪಾರು ಅಯೋಡಿನ್ನನ್ನು ಹಿಡಿಯಲು ಗ್ರಂಥಿ ನಡೆಸುವ ಹೋರಾಟ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ, ಗರ್ಭಿಣಿಯರಿಗೆ 250. ಹಿಮನದಿ ಮತ್ತು ಮಳೆ ಮಣ್ಣನ್ನು ತೊಳೆದ ಬೆಟ್ಟದ ಸೀಮೆಗಳಲ್ಲಿ ಅಷ್ಟೂ ದೊರೆಯುವುದಿಲ್ಲ.

ಕೂನೂರಿನ ವರ್ಷಗಳು

ಮೊದಲ ಮಹಾಯುದ್ಧದ ಸೇನಾ ಕರ್ತವ್ಯದ ನಂತರ 1918ರಲ್ಲಿ ಮೆಕ್ಯಾರಿಸನ್ ಅವರು ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಿಬೆರಿ ರೋಗದ ತನಿಖೆ ಆರಂಭಿಸಿದರು. ನೀಲಗಿರಿ ಆಗ ಮದರಾಸು ಪ್ರಾಂತ್ಯದಲ್ಲಿದ್ದರೂ ಮೈಸೂರು ಸಂಸ್ಥಾನಕ್ಕೆ ಹೊಂದಿಕೊಂಡ ಜಿಲ್ಲೆ. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿನ್ನಿಸಿದ ಪಾರಿವಾಳಗಳಲ್ಲಿ ನರಗಳಷ್ಟೇ ಅಲ್ಲ, ಕರುಳು ಮತ್ತು ನಿರ್ನಾಳ ಗ್ರಂಥಿಗಳೂ ಕೆಡುತ್ತವೆಂದು ತೋರಿಸಿದರು. ಈ ಪ್ರಯೋಗಗಳನ್ನು ಒಳಗೊಂಡ ಕೊರತೆ ರೋಗಗಳ ಗ್ರಂಥ 1921ರಲ್ಲಿ ಹೊರಬಂದಿತು.

1923ರಲ್ಲಿ ಇಂಚ್‌ಕೇಪ್ ಸಮಿತಿಯ ಮಿತವ್ಯಯದ ಶಿಫಾರಸುಗಳ ಫಲವಾಗಿ ತನಿಖೆ ನಿಂತುಹೋಯಿತು. ಎರಡು ವರ್ಷಗಳ ನಂತರ ಅದು ಮರಳಿ ಆರಂಭವಾಗಿ, 1929ರ ಹೊತ್ತಿಗೆ ಪೋಷಣಾ ಸಂಶೋಧನಾ ಪ್ರಯೋಗಾಲಯವೆಂಬ ಸ್ಥಾನ ಪಡೆಯಿತು. ಮೆಕ್ಯಾರಿಸನ್ ಅದರ ನಿರ್ದೇಶಕರಾದರು. ಕೊಯಮತ್ತೂರಿನ ಕೃಷಿ ರಸಾಯನಶಾಸ್ತ್ರಜ್ಞ ಬಿ. ವಿಶ್ವನಾಥ್ ಅವರೊಂದಿಗೆ ಸೇರಿ, ಗೊಬ್ಬರದ ಬಗೆ ಬದಲಾದರೆ ಧಾನ್ಯದ ಪೌಷ್ಟಿಕತೆಯೂ ಬದಲಾಗುತ್ತದೆಯೇ ಎಂಬುದನ್ನು ಪರಿಶೀಲಿಸಿದರು.

ಇವರ ಅತ್ಯಂತ ಜನಪ್ರಿಯ ಪ್ರಯೋಗ ನಡೆದದ್ದು ಬಿಳಿ ಇಲಿಗಳ ಮೇಲೆ. ಭಾರತದ ಬೇರೆ ಬೇರೆ ಜನಸಮುದಾಯಗಳ ಊಟವನ್ನು ಹೋಲುವ ಏಳು ಬಗೆಯ ಆಹಾರವನ್ನು ಇಲಿಗಳ ಏಳು ಗುಂಪುಗಳಿಗೆ ಉಣಿಸಿ, ಅವುಗಳ ಬೆಳವಣಿಗೆಯನ್ನು ಹೋಲಿಸಲಾಯಿತು. ಸಿಖ್ಖರ, ಪಠಾಣರ, ಮರಾಠರ, ಗೂರ್ಖರ, ಬಂಗಾಳಿಗಳ, ಮದರಾಸಿನವರ ಊಟಗಳ ಜೊತೆಗೆ ಕನ್ನಡಿಗರ ಊಟವೂ ಈ ಏಳರಲ್ಲಿ ಒಂದಾಗಿತ್ತು. ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳಿದ್ದ ಸಿಖ್ಖರ ಆಹಾರ ಮೊದಲ ಸ್ಥಾನ ಪಡೆಯಿತು; ಪಾಲಿಶ್ ಅಕ್ಕಿಯೇ ಪ್ರಧಾನವಾದ ಮದರಾಸಿನ ಆಹಾರ ಕೊನೆಯದಾಯಿತು. ಕನ್ನಡಿಗರ ಊಟ ಇವೆರಡರ ನಡುವೆ ನಿಂತಿತು. ರಾಗಿ, ಜೋಳ, ಅಕ್ಕಿಗಳೆಂದು ಸೀಮೆಗೊಂದು ಊಟವಿರುವ ನಾಡಿಗೆ ಒಂದೇ ತಟ್ಟೆ ಸಿದ್ಧಪಡಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಕನ್ನಡ ಓದುಗರಿಗೆ ಏಳದಿರದು. ಇಲಿಯ ಫಲಿತಾಂಶವನ್ನು ನೇರವಾಗಿ ಮನುಷ್ಯ ಸಮುದಾಯಗಳ ಮೈಕಟ್ಟಿಗೆ ಅನ್ವಯಿಸಿದ್ದೂ ಇಂದು ಅತಿ ಸರಳವೆನಿಸುತ್ತದೆ. ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಚಹಾ, ಡಬ್ಬಿ ಮಾಂಸಗಳಿಂದ ಕೂಡಿದ ಬ್ರಿಟನ್ನಿನ ಬಡವರ ಆಹಾರವನ್ನೂ ಇವರು ಪರೀಕ್ಷಿಸಿದರು. ಆ ಇಲಿಗಳು ಕುಗ್ಗಿದ್ದಲ್ಲದೆ ಒಂದನ್ನೊಂದು ಕಚ್ಚಾಡಿದವು.

ಮೈಸೂರಿನ ಸಂಬಂಧ

ಕೂನೂರಿನಲ್ಲಿ ಥೈರಾಯ್ಡ್ ಕುರಿತ ಕೆಲಸವೂ ಮುಂದುವರಿಯಿತು. ಇಲಿಗಳಿಗೆ ಗಳಗಂಡ ಬರಿಸಿ ಅದು ಎಷ್ಟು ದೊಡ್ಡದೆಂದು ಹೇಳಬೇಕಾದರೆ, ಮೊದಲು ಆರೋಗ್ಯವಂತ ಇಲಿಯ ಗ್ರಂಥಿ ಎಷ್ಟಿರುತ್ತದೆ ಎಂಬುದು ತಿಳಿದಿರಬೇಕು. ಗ್ರಂಥಿಯ ತೂಕ ಇಲಿಯ ಗಾತ್ರದೊಂದಿಗೆ ಬದಲಾಗುವುದರಿಂದ ಇದು ವೈದ್ಯರೊಬ್ಬರೇ ಬಿಡಿಸುವ ಲೆಕ್ಕವಾಗಿರಲಿಲ್ಲ. ಇದಕ್ಕಾಗಿ ಮೆಕ್ಯಾರಿಸನ್ ಅವರ ಜೊತೆಗೂಡಿದವರು ಮೈಸೂರು ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರಜ್ಞ ಕೆ. ಬಿ. ಮಾಧವ. ಥೈರಾಯ್ಡ್ ಗ್ರಂಥಿಯ ಜೀವನರೇಖೆ ಎಂಬ ಅರ್ಥದ ಶೀರ್ಷಿಕೆಯಿದ್ದ ಇವರಿಬ್ಬರ ಜಂಟಿ ಪ್ರಬಂಧ 1932ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪ್ರಬಂಧಮಾಲೆಯಲ್ಲಿ ಪ್ರಕಟವಾಯಿತು. ಭಾರತದಲ್ಲಿ ಸಂಖ್ಯಾಶಾಸ್ತ್ರ ಒಂದು ಸ್ವತಂತ್ರ ಶಿಸ್ತಾಗಿ ಕಣ್ಣುಬಿಡುತ್ತಿದ್ದ ವರ್ಷಗಳಲ್ಲಿ ಮೈಸೂರಿನ ಪ್ರಾಧ್ಯಾಪಕರೊಬ್ಬರು ವೈದ್ಯಕೀಯ ಪ್ರಶ್ನೆಗೆ ಅದನ್ನು ಬಳಸಿದ್ದು ಗಮನಾರ್ಹ. ಮೆಕ್ಯಾರಿಸನ್ ಕುರಿತ ಬರಹಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲ.

ಎಲೆಕೋಸನ್ನು ಅತಿಯಾಗಿ ತಿನ್ನಿಸಿದರೆ ಪ್ರಾಣಿಗಳಲ್ಲಿ ಗಳಗಂಡ ಬರುತ್ತದೆಂದು 1928ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕಂಡುಬಂದಾಗ, ಅದನ್ನು ಮೆಕ್ಯಾರಿಸನ್ ಅವರು ಕೂನೂರಿನಲ್ಲಿಯೂ ಪರೀಕ್ಷಿಸಿದರು. ಎಲೆಕೋಸು, ಸಾಸಿವೆ ಜಾತಿಯ ಸಸ್ಯಗಳಲ್ಲಿರುವ ಕೆಲವು ಗಂಧಕಯುಕ್ತ ವಸ್ತುಗಳು ಥೈರಾಯ್ಡ್ ಅಯೋಡಿನ್ ಹಿಡಿಯುವುದನ್ನೂ ಬಳಸುವುದನ್ನೂ ತಡೆಯುತ್ತವೆ ಎಂಬುದು ಈಗ ತಿಳಿದಿದೆ. ಬೇಯಿಸಿ, ಹಿತಮಿತವಾಗಿ ತಿನ್ನುವವರಿಗೆ, ಅಯೋಡಿನ್ ಸಾಕಷ್ಟು ಸಿಗುತ್ತಿದ್ದರೆ, ಇದರಿಂದ ತೊಂದರೆಯಿಲ್ಲ.

ಅಯೋಡಿನ್ ವಿವಾದ

ಇದೇ ವರ್ಷಗಳಲ್ಲಿ ಗಳಗಂಡದ ಚರ್ಚೆ ಬೇರೆ ದಿಕ್ಕು ಹಿಡಿದಿತ್ತು. ಅಮೆರಿಕದ ಡೇವಿಡ್ ಮೆರೀನ್ ಮತ್ತು ಸಂಗಡಿಗರು 1917ರಿಂದ ಓಹಾಯೋದ ಆಕ್ರಾನ್ ನಗರದ ಶಾಲಾ ಬಾಲಕಿಯರಿಗೆ ಅಯೋಡಿನ್ ಕೊಟ್ಟು ಗಳಗಂಡವನ್ನು ತಡೆಯಬಹುದೆಂದು ತೋರಿಸಿದ್ದರು. 1922ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ 1924ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿಯೂ ಅಯೋಡಿನ್ ಬೆರೆಸಿದ ಉಪ್ಪು ಬಳಕೆಗೆ ಬಂದಿತು. ಮೆಕ್ಯಾರಿಸನ್ ಅಯೋಡಿನ್ನಿನ ಪಾತ್ರವನ್ನು ನಿರಾಕರಿಸಲಿಲ್ಲ. ಆದರೆ ಅದೊಂದೇ ಕಾರಣವೆಂಬುದನ್ನೂ ಒಪ್ಪಲಿಲ್ಲ. ಮಣ್ಣು ಮತ್ತು ನೀರಿನ ಅಯೋಡಿನ್ ಅಳೆದ ತಮ್ಮ ಅಧ್ಯಯನದಲ್ಲಿ ಅದರ ಪ್ರಮಾಣಕ್ಕೂ ಗಳಗಂಡಕ್ಕೂ ನೇರ ಹೊಂದಾಣಿಕೆ ಕಾಣದಿದ್ದುದು ಅವರ ಸಂಶಯವನ್ನು ಗಟ್ಟಿಗೊಳಿಸಿತು. ಅಸ್ವಚ್ಛತೆ, ಕರುಳಿನ ಸೋಂಕು, ವಿಟಮಿನ್ ಕೊರತೆ, ಆಹಾರದಲ್ಲಿನ ತಡೆವಸ್ತುಗಳು, ಅಯೋಡಿನ್ ಇವೆಲ್ಲ ಸೇರಿ ಗಳಗಂಡ ಉಂಟಾಗುತ್ತದೆಂಬುದು ಅವರ ಕೊನೆಯ ನಿಲುವು.

ಇತಿಹಾಸದ ತೀರ್ಪು ಬಹುಮಟ್ಟಿಗೆ ಮೆರೀನ್ ಅವರ ಪರವಾಗಿದೆ. ಭಾರತದಲ್ಲಿ 1956ರಿಂದ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ನಡೆಸಿದ ಕ್ಷೇತ್ರ ಅಧ್ಯಯನ, ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟ ಹಳ್ಳಿಗಳಲ್ಲಿ ಗಳಗಂಡ ಇಳಿಯುವುದನ್ನೂ ಸಾದಾ ಉಪ್ಪಿನ ಹಳ್ಳಿಗಳಲ್ಲಿ ಅದು ಉಳಿಯುವುದನ್ನೂ ತೋರಿಸಿತು. ಇದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1992ರಲ್ಲಿ ಅದರ ಹೆಸರು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನು ಒಳಗೊಳ್ಳುವಂತೆ ಬದಲಾಯಿತು. ಗಳಗಂಡ ಹಿಮಾಲಯಕ್ಕೆ ಸೀಮಿತವೆಂಬ ಭಾವನೆಯೂ ತಪ್ಪೆಂದು ತಿಳಿಯಿತು. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿ ಸಮೀಕ್ಷೆಗಳು ಅದನ್ನು ಗುರುತಿಸಿವೆ.

ಹಾಗಿದ್ದರೆ ಗಿಲ್ಗಿಟ್‌ನ ಪ್ರಯೋಗದಲ್ಲಿ ಕುತ್ತಿಗೆಗಳು ಊದಿದ್ದು ಏಕೆ? ಆ ಜನರಿಗೆ ಮೊದಲೇ ಅಯೋಡಿನ್ ಸಾಲದಿದ್ದು, ಕೊಳೆನೀರಿನಲ್ಲಿದ್ದ ಯಾವುದೋ ವಸ್ತು ತಕ್ಕಡಿಯನ್ನು ವಾಲಿಸಿರಬಹುದು ಎಂಬುದು ಒಂದು ವಿವರಣೆ. ನೀರಿನಲ್ಲಿ ಥೈರಾಯ್ಡನ್ನು ತಡೆಯುವ ಮಾಲಿನ್ಯವಸ್ತುಗಳು ಇರಬಲ್ಲವೆಂದು ಮುಂದೆ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ನಡೆದ ಅಧ್ಯಯನಗಳು ತೋರಿಸಿದವು. ಅಯೋಡಿನ್ ಸಾಕಷ್ಟಿರುವೆಡೆ ಇಂತಹ ವಸ್ತುಗಳ ಪ್ರಭಾವ ಕಡಿಮೆ. ಆದ್ದರಿಂದ ಮೆಕ್ಯಾರಿಸನ್ ಕಂಡದ್ದು ಸುಳ್ಳಲ್ಲ. ಎರಡನೆಯ ಕಾರಣವನ್ನು ಅವರು ಮೊದಲನೆಯದೆಂದು ಎಣಿಸಿದರು ಎನ್ನುವುದು ಹೆಚ್ಚು ನ್ಯಾಯ.

ಅವರ ಹೆಸರಿಗೆ ಅಂಟಿಕೊಂಡಿರುವ ಇನ್ನೊಂದು ಸಂಗತಿ ಹುಂಜಾ ಕಣಿವೆಯದು. ಗಿಲ್ಗಿಟ್‌ಗೆ ಉತ್ತರದಲ್ಲಿರುವ ಹುಂಜಾದ ಜನರ ಆರೋಗ್ಯವನ್ನು ಅವರು ಬಹಳ ಮೆಚ್ಚಿ ಬರೆದರು. ಈ ಮೆಚ್ಚುಗೆಯನ್ನು ಮುಂದಿನ ಲೇಖಕರು ಉಬ್ಬಿಸಿ, ಅಲ್ಲಿಯವರು ನೂರು ದಾಟಿ ರೋಗವಿಲ್ಲದೆ ಬದುಕುತ್ತಾರೆಂಬ ಕಥೆಯಾಗಿ ಹಬ್ಬಿಸಿದರು. ವಯಸ್ಸಿನ ದಾಖಲೆಗಳೇ ಇಲ್ಲದ ಆ ಕಣಿವೆಯ ಕುರಿತ ಇಂತಹ ಮಾತುಗಳಿಗೆ ವೈಜ್ಞಾನಿಕ ಆಧಾರವಿಲ್ಲ.

ಕೊನೆಯ ದಿನಗಳು ಮತ್ತು ಗೌರವಗಳು

1928ರಲ್ಲಿ ಭಾರತದ ಶಾಲೆಗಳಿಗಾಗಿ ಆಹಾರ ಕುರಿತ ಚಿಕ್ಕ ಕೈಪಿಡಿಯೊಂದನ್ನು ಬರೆದ ಮೆಕ್ಯಾರಿಸನ್ ಅವರಿಗೆ 1933ರಲ್ಲಿ ಸರ್ ಪದವಿ ದೊರೆಯಿತು. 1935ರಲ್ಲಿ ಮೇಜರ್ ಜನರಲ್ ದರ್ಜೆಯಲ್ಲಿ ನಿವೃತ್ತರಾಗಿ ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಕೂನೂರಿನಲ್ಲಿ ಅವರ ಸ್ಥಾನಕ್ಕೆ ವ್ಯಾಲೇಸ್ ಐಕ್ರಾಯ್ಡ್ ಬಂದರು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಪೋಷಣೆ ಮತ್ತು ರಾಷ್ಟ್ರದ ಆರೋಗ್ಯದ ಬಗ್ಗೆ ಕ್ಯಾಂಟರ್ ಉಪನ್ಯಾಸಗಳನ್ನು ನೀಡಿದರು. ಎರಡನೆಯ ಮಹಾಯುದ್ಧದ ನಂತರ ಆಕ್ಸ್‌ಫರ್ಡಿನಲ್ಲಿ ವೈದ್ಯರ ಸ್ನಾತಕೋತ್ತರ ಶಿಕ್ಷಣದ ಹೊಣೆ ಹೊತ್ತಿದ್ದರು. ಅವರ ಪ್ರಬಂಧಗಳ ಸಂಕಲನವನ್ನು ಎಚ್. ಎಂ. ಸಿಂಕ್ಲೇರ್ ಸಂಪಾದಿಸಿ 1953ರಲ್ಲಿ ಪ್ರಕಟಿಸಿದರು. 18 ಮೇ 1960ರಂದು ಮೆಕ್ಯಾರಿಸನ್ ಆಕ್ಸ್‌ಫರ್ಡಿನಲ್ಲಿ ನಿಧನರಾದರು.

ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಬ್ರಿಟನ್ನಿನಲ್ಲಿ 1966ರಲ್ಲಿ ಅವರ ಹೆಸರಿನ ಮೆಕ್ಯಾರಿಸನ್ ಸೊಸೈಟಿ ಸ್ಥಾಪನೆಯಾಯಿತು.